ಎಂಟನೆಯ ಪಾಲು

ಈಗಿನ ಬೇಟೆಗಾರರ ಚಾಕು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿ, ಮೊಂಡಾದರೆ ಕಿತ್ತು ಬಿಸಾಕಿ ಹೊಸದನ್ನು ಸಿಕ್ಕಿಸುವ ಅಲಗು. ಸಾಣೆ ಹಿಡಿಯುವ ಗೋಜೇ ಇಲ್ಲವಂತೆ. "ಅನುಕೂಲ ಅಜ್ಜಿ, ಕೆಲಸ ಬೇಗ ಆಗತ್ತೆ" ಎನ್ನುತ್ತಾರೆ. ಆಗಲಿ ಪಾಪ. ಅವರು ಬಿಡಿಸಿದ ಹಂದಿಯ ತೊಗಲನ್ನು ಮಾತ್ರ ನಾನು ತಿರುಗಿಸಿ ನೋಡಲು ಹೋಗುವುದಿಲ್ಲ. ನೋಡಿದರೆ ಬೈಗುಳ ಬಾಯಿಗೆ ಬಂದುಬಿಡುತ್ತದೆ, ಎಂಬತ್ತನಾಲ್ಕರ ಮುದುಕಿಗೆ ಅಷ್ಟು ಬಾಯಿ ಒಳ್ಳೆಯದಲ್ಲ.

ನನ್ನ ಗಂಡ ತಮೆಜೊನ ಚಾಕು ಈಗಲೂ ನನ್ನ ಹತ್ತಿರ ಇದೆ. ಹಿಗೊನೊಕಾಮಿ. ಹಿತ್ತಾಳೆ ತಗಡನ್ನು ಮಡಿಸಿ ಮಾಡಿದ ಹಿಡಿ, ಅದರೊಳಗೆ ಮಡಚಿಕೊಳ್ಳುವ ಬೆರಳುದ್ದದ ಅಲಗು, ಎರಡನ್ನೂ ಹಿಡಿದಿಟ್ಟ ಒಂದೇ ಒಂದು ಕೀಲುಮೊಳೆ. ಅಲಗಿನ ಬುಡದಲ್ಲಿ ಹೊರಗೆ ಚಾಚಿಕೊಂಡ ಪುಟ್ಟದೊಂದು ಬಾಲ. ಸ್ಪ್ರಿಂಗೂ ಇಲ್ಲ, ಚಿಲಕವೂ ಇಲ್ಲ. ಆ ಬಾಲದ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿರುವಷ್ಟು ಹೊತ್ತು ಅಲಗು ನೆಟ್ಟಗಿರುತ್ತದೆ. ಹೆಬ್ಬೆರಳು ಸಡಿಲವಾಯಿತೋ, ಅಲಗು ಮಡಚಿಕೊಂಡು ಹಿಡಿದವನ ಬೆರಳನ್ನೇ ಕಚ್ಚುತ್ತದೆ. ನನ್ನ ತವರಿನ ಮಿಕಿ ಪಟ್ಟಣದಲ್ಲಿ ಈ ಚಾಕು ಜೇಬಿನಲ್ಲಿಲ್ಲದ ಗಂಡಸನ್ನು ನಾನು ಕಂಡಿರಲಿಲ್ಲ. ನಮ್ಮಪ್ಪ ಅಲ್ಲಿ ಸಾಣೆಗಾರ. ನಾನು ಏಳು ವರ್ಷಕ್ಕೇ ಅವರ ಪಕ್ಕದಲ್ಲಿ ಕೂತು ಕೀಲುಮೊಳೆ ಬಡಿದವಳು.

ನಾನು ಹುಟ್ಟಾ ಎಡಗೈಯವಳು. ಅಮ್ಮ ಹೊಡೆದು ಬಡಿದು ಊಟದ ಕಡ್ಡಿಯನ್ನೂ ಪೆನ್ಸಿಲನ್ನೂ ಬಲಗೈಗೆ ಹಾಕಿಸಿದಳು. ಚಾಕಿನ ವಿಷಯಕ್ಕೆ ಬಂದಾಗ ಅಪ್ಪ ಅಡ್ಡ ಬಂದರು. "ಅಲಗು ಹಿಡಿಯೋ ಕೈಯನ್ನ ಬದಲಾಯಿಸಬೇಡ. ಬೆರಳು ಹೋಗತ್ತೆ" ಎಂದರು. ಹಾಗಾಗಿ ಜನರ ಎದುರು ಬಲಗೈಯವಳಾಗಿ, ಚಾಕು ಹಿಡಿದಾಗ ಮಾತ್ರ ಎಡಗೈಯವಳಾಗಿ ಬೆಳೆದೆ. ಇಪ್ಪತ್ತೆರಡಕ್ಕೆ ನನ್ನನ್ನು ತಾಂಬಾ ಬೆಟ್ಟಗಳ ನಡುವಿನ ಈ ಓಕುದಾನಿ ಹಳ್ಳಿಗೆ ಕೊಟ್ಟರು.

ಇಲ್ಲಿ ಬೇಸಿಗೆಯಲ್ಲಿ ಮರ ಕಡಿಯುವುದು, ಚಳಿಗಾಲದಲ್ಲಿ ಹಂದಿ ಹೊಡೆಯುವುದು. ಬೇಟೆಯ ತಂಡದಲ್ಲಿ ಆರು ಜನ. ಮುಂದಾಳು ಇವಾಗೊರೊ, ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು. ತಮೆಜೊ ಗುಂಡು ಹಾರಿಸುವುದರಲ್ಲಿ ಅಷ್ಟಕ್ಕಷ್ಟೇ. ಅವನ ಕೆಲಸ ಹಂದಿ ಬಿದ್ದ ಮೇಲೆ ಶುರು. ಬೆಟ್ಟದಲ್ಲೇ ಹೊಟ್ಟೆ ಸೀಳಿ ಕರುಳು ತೆಗೆಯುವುದು, ನಮ್ಮ ಮನೆಯ ಹಿಂದಿನ ತೊರೆಯಲ್ಲಿ ರಾತ್ರಿಯಿಡೀ ಹಂದಿಯನ್ನು ನೆನೆಹಾಕುವುದು, ಮರುದಿನ ಬೆಳಿಗ್ಗೆ ಒಬ್ಬನೇ ಕೂತು ತೊಗಲು ಬಿಡಿಸುವುದು. ಅವನಪ್ಪನೂ ಅದನ್ನೇ ಮಾಡಿದವನು.

ಚಳಿಗಾಲದ ಹಂದಿಗೆ ತೊಗಲಿನ ಕೆಳಗೆ ಎರಡು ಬೆರಳು ದಪ್ಪ ಬಿಳಿ ನೆಣ ಇರುತ್ತದೆ. ಹುಳಿಸಿದ ಸೋಯಾ ಕಾಳಿನ ಮಿಸೊ ಹಾಕಿ ಕುದಿಸಿದಾಗ ರುಚಿಯೆಲ್ಲ ಆ ನೆಣದಲ್ಲೇ. ಅದು ಪೂರ್ತಿ ಮಾಂಸದ ಮೇಲೆ ಉಳಿಯಬೇಕು, ತೊಗಲಿನ ಜೊತೆ ಹೋಗಬಾರದು. ತೊಗಲು ತೂತೂ ಆಗಬಾರದು. ದೊಡ್ಡ ಕತ್ತಿಯಲ್ಲಿ ಆ ಕೆಲಸ ಆಗದು, ಅಂಗೈಯಲ್ಲಿ ಅಡಗುವ ಈ ಚಾಕೇ ಬೇಕು. ಬಿಡಿಸಿದ ಮೇಲೆ ತೊಗಲನ್ನು ಬೇಲಿಯ ಗಳದ ಮೇಲೆ ಒಳಮೈ ಹೊರಗೆ ಮಾಡಿ ಹಾಕುತ್ತಿದ್ದರು. ಎಲ್ಲರೂ ಬಂದು ಅದನ್ನು ನೋಡುತ್ತಿದ್ದರು. ಒಂದು ಕಡೆ ಬಿಳಿ ನೆಣ ಅಂಟಿಕೊಂಡಿದ್ದರೂ ಬಿಡಿಸಿದವನ ಮಾನ ಊರ ತುಂಬ ಹರಾಜು.

ಹೆಂಗಸರು ಬೇಟೆಯ ಹಂದಿಯನ್ನು ಮುಟ್ಟುವಂತಿರಲಿಲ್ಲ. ಬೆಟ್ಟದಮ್ಮ ಹೆಣ್ಣು, ನೋಡಲು ಚೆನ್ನಾಗಿಲ್ಲ, ಹೊಟ್ಟೆಕಿಚ್ಚಿನವಳು. ಬೇರೆ ಹೆಂಗಸಿನ ಕೈ ಬಿದ್ದರೆ ಸಿಟ್ಟಾಗಿ ಹಂದಿಯನ್ನೇ ಕಳಿಸುವುದಿಲ್ಲವಂತೆ. ಅವಳನ್ನು ಖುಷಿಪಡಿಸಲು ಯಜಮಾನರು ವಿಕಾರ ಮುಖದ ಒಂದು ಒಣ ಮೀನನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದರು. ತನಗಿಂತ ಕುರೂಪಿ ಇನ್ನೊಂದಿದೆ ಎಂದು ಅವಳಿಗೆ ಸಮಾಧಾನವಾಗಲಿ ಎಂದು. ಚಾಕಿಗೆ ಸಾಣೆ ಹಿಡಿಯುತ್ತಿದ್ದುದು ಮಾತ್ರ ನಾನೇ. ನನ್ನ ಹಾಗೆ ಹಿಡಿಯುವವರು ಓಕುದಾನಿಯಲ್ಲಿ ಇರಲಿಲ್ಲವಾದ್ದರಿಂದ ಗಂಡಸರು ಅದನ್ನು ಕಂಡೂ ಕಾಣದ ಹಾಗೆ ಇದ್ದರು. ಬೆಟ್ಟದಮ್ಮನಿಗೂ ಸಾಣೆಕಲ್ಲು ಕಾಣಿಸುತ್ತಿರಲಿಲ್ಲ ಅಂತ ಕಾಣುತ್ತದೆ.

ನಾನು ಹೇಳಹೊರಟಿದ್ದು ಶೋವಾ ನಲವತ್ತಾರರ, ಅಂದರೆ 1971ರ ಚಳಿಗಾಲದ ಮಾತು. ಮರ ಕಡಿಯಲು ಯಂತ್ರದ ಗರಗಸ ಬಂದು ಹತ್ತು ವರ್ಷವಾಗಿತ್ತು. ದಿನವೆಲ್ಲ ಅದನ್ನು ಹಿಡಿದು ಅದುರಿದ ಕೈಗಳಿಗೆ ಬಿಳಿಬೆರಳಿನ ಕಾಯಿಲೆ ಹತ್ತಿಕೊಂಡಿತು. ತಮೆಜೊನದು ಎರಡೂ ಕೈ. ಚಳಿ ತಾಗಿದ ಕೂಡಲೇ ಬೆರಳುಗಳು ಮೇಣದ ಬತ್ತಿಯ ಹಾಗೆ ಬೆಳ್ಳಗಾಗುತ್ತಿದ್ದವು, ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಇನ್ನು ಗರಗಸ ಮುಟ್ಟಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ನಲವತ್ಮೂರು ವರ್ಷದ ಗಂಡಸು ಮನೆಯಲ್ಲಿ ಕೂತು ಹಗ್ಗ ಹೊಸೆಯುವಂತಾಯಿತು. ಅವನಿಗೆ ಉಳಿದದ್ದು ಈ ಚಾಕು ಮತ್ತು ಚಳಿಗಾಲದ ಹಂದಿ. ಅದೂ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಡಿಸೆಂಬರಿನ ಮೊದಲ ಹಂದಿಯ ದಿನ ಅವನು ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ.

"ಏನ್ರೀ ಅದು?"

"ಹಂದಿ ಕೋರೆ ತಾಗ್ತು."

ಬಿಚ್ಚಿ ನೋಡಿದೆ. ಮೂಳೆ ಕಾಣುವಷ್ಟು ಆಳ, ದಾರ ಎಳೆದ ಹಾಗೆ ನೇರ. ಕೋರೆ ಹರಿಯುತ್ತದೆ, ಹೀಗೆ ಕೊಯ್ಯುವುದಿಲ್ಲ. ಯಾರಿಗೆ ಹೇಳುತ್ತಾನೆ ಇವನು, ಸಾಣೆಗಾರನ ಮಗಳಿಗೆ? ಹೆಬ್ಬೆರಳು ಬಾಲದ ಮೇಲಿಂದ ಜಾರಿದ್ದು ಅವನಿಗೆ ಗೊತ್ತೇ ಆಗಿಲ್ಲ. ಅಲಗು ಮಡಚಿಕೊಂಡು ಬೆರಳು ಕೊಯ್ದದ್ದೂ ಗೊತ್ತಾಗಿಲ್ಲ. ಹಂದಿಯ ರಕ್ತದ ಜೊತೆ ತನ್ನದೂ ಸೇರಿದ್ದನ್ನು ನೋಡಿಯೇ ತಿಳಿದಿರಬೇಕು. ಗಾಯ ತೊಳೆದು ಕಟ್ಟಿದೆ.

ಅವನು ಮಲಗಿದ ಮೇಲೆ ಚಾಕು ತೆಗೆದುಕೊಂಡು ಯೋಚಿಸಿದೆ. ಕೀಲುಮೊಳೆ ಬಿಗಿಯಾದರೆ ಅಲಗು ತಾನಾಗಿ ಮಡಚಿಕೊಳ್ಳುವುದಿಲ್ಲ. ಇಷ್ಟು ಸುಲಭದ ವಿಷಯ. ಚಾಕನ್ನು ಕಲ್ಲಿನ ಮೇಲಿಟ್ಟು ಮೊಳೆಯ ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟೆ. ತೆರೆದು ನೋಡಿದೆ, ನನ್ನ ಕೈಗೆ ಸ್ವಲ್ಪ ಬಿಗಿ ಅನ್ನಿಸಿತು. ಇರಲಿ ಎಂದು ಇನ್ನೆರಡು ಕೊಟ್ಟೆ. ಗಂಡನನ್ನು ಉಳಿಸಿಬಿಟ್ಟೆ ಎಂದು ಬೀಗಿಕೊಂಡು ಮಲಗಿದೆ. ಅವನಿಗೆ ಹೇಳಲೂ ಇಲ್ಲ. ಹೇಳಿದರೆ ಕೋರೆಯ ಸುಳ್ಳು ನನಗೆ ಗೊತ್ತಾಗಿದೆ ಎಂದು ನಾಚಿಕೊಳ್ಳುತ್ತಾನಲ್ಲ ಎಂದು.

ಮುಂದಿನ ಹಂದಿ ಬಿದ್ದ ದಿನ ಅವನು ಬೆಟ್ಟದಿಂದ ಬಂದವನೇ ಚಾಕನ್ನು ನನ್ನ ಮುಂದೆ ಎಸೆದ. ಅವನ ತುಟಿ ಹರಿದಿತ್ತು.

"ಏನು ಮಾಡಿದೆ ಇದಕ್ಕೆ?"

"ಮೊಳೆ ಸ್ವಲ್ಪ ಬಿಗಿ ಮಾಡಿದ್ದೆ" ಎಂದೆ.

"ಸ್ವಲ್ಪವಾ? ಹಂದಿ ಕಾಲ ಹತ್ರ ಬಿದ್ದಿದೆ, ಐದು ಜನ ಸುತ್ತ ನಿಂತಿದ್ದಾರೆ, ನನಗೆ ಚಾಕು ತೆರೆಯೋಕಾಗ್ತಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ ಕಣೇ, ಹಲ್ಲಿನಲ್ಲಿ. ಕೊನೆಗೆ ಆ ಹಿಸಾ ಇಸ್ಕೊಂಡು ಟಪ್ಪಂತ ತೆಗೆದುಕೊಟ್ಟ. ಹಾಲು ಕುಡಿಯೋ ಮಗುಗೆ ಬಾಟಲಿ ಕೊಟ್ಟ ಹಾಗೆ."

ಹಿಸಾ ಎಂದರೆ ಹಿಸಾಮಿತ್ಸು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು, ಇಪ್ಪತ್ತೆಂಟರ ಹುಡುಗಾಟದವನು. ತಮೆಜೊ ಆದಮೇಲೆ ಚಾಕೂ ತೊಗಲು ಬಿಡಿಸುವ ಕೆಲಸವೂ ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು.

"ನಕ್ಕರಾ?" ಎಂದು ಕೇಳಿದೆ.

"ನಗಲಿಲ್ಲ. ನಕ್ಕಿದ್ರೆ ಎಷ್ಟೋ ವಾಸಿಯಿತ್ತು."

ಆಮೇಲೆ ಒಂದು ವಾರ ನನಗೆ ಅನ್ನ ಇಳಿಯಲಿಲ್ಲ. ನಾನೇ ನನ್ನ ಕೈಯಾರೆ ಅವನ ಮಾನ ಕಳೆದಿದ್ದೆ, ಅದೂ ನನಗೆ ಗೊತ್ತಿರುವ ಒಂದೇ ವಿದ್ಯೆಯಿಂದ. ಮೊಳೆಯನ್ನು ಮತ್ತೆ ಸಡಿಲ ಮಾಡಿದೆ. ಅವನು ಆಮೇಲೆ ಬಯ್ಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

ವರ್ಷದ ಕೊನೆಗೆ ದೊಡ್ಡ ಹಂದಿ ಸಿಕ್ಕಿತು, ನೂರು ಕಿಲೋ ಮೇಲೆ. ಮಧ್ಯಾಹ್ನ ತಂದು ನಮ್ಮ ತೊರೆಗೆ ಇಳಿಸಿದರು. ಕರುಳನ್ನು ಬೆಟ್ಟದಲ್ಲೇ ಹಿಸಾ ತೆಗೆದಿದ್ದನಂತೆ. ಹೊರಡುವ ಮುಂಚೆ ಯಜಮಾನರು ಹಿತ್ತಲಿನಲ್ಲಿ ನಿಂತು ಮೆತ್ತಗೆ ಮಾತಾಡಿದರು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡೆ.

"ತಮೆ, ಇದು ಹೊಸವರ್ಷದ ಹಂದಿ ಕಣಪ್ಪಾ. ಎಲ್ಲರ ಮನೆಗೂ ಹೋಗತ್ತೆ. ನಾಳೆ ಎಂಟು ಗಂಟೆಗೆ ಬರ್ತೀವಿ. ನಿನ್ನ ಕೈಲಿ ಆಗತ್ತೆ ಅಂದ್ರೆ ನೀನು ಬಿಡಿಸು. ಆಗಲ್ಲ ಅಂದ್ರೆ ಈಗಲೇ ಹೇಳು, ಹಿಸಾಗೆ ಕೊಡೋಣ. ಒಂದು ಸಲ ಕೊಟ್ಟ ಮೇಲೆ ಅವನದೇ."

"ಆಗತ್ತೆ ಯಜಮಾನ್ರೇ" ಎಂದ ತಮೆಜೊ.

ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೈ ಬೆಚ್ಚಗಿರಲಿ ಎಂದು ಹಂದಿಯನ್ನು ಒಲೆಯ ಹತ್ತಿರ ತರುವ ಹಾಗಿಲ್ಲ. ಬೆಚ್ಚಗಾದರೆ ನೆಣ ಮೆತ್ತಗಾಗಿ ಅಲಗು ದಾರಿ ತಪ್ಪುತ್ತದೆ. ನೆಣ ಗಟ್ಟಿಯಾಗಿರಬೇಕಾದರೆ ಚಳಿ ಬೇಕು, ಅದೇ ಚಳಿಗೆ ಇವನ ಬೆರಳು ಸಾಯುತ್ತದೆ.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ನಾಳೆ ನಾನು ಬಿಡಿಸ್ತೀನಿ."

ಅವನು ಬಟ್ಟಲು ಕೆಳಗಿಟ್ಟ. "ತಲೆ ನೆಟ್ಟಗಿದೆಯಾ ನಿನಗೆ? ಹೆಂಗಸು ಕೈ ಹಾಕಿದ್ದು ಗೊತ್ತಾದ್ರೆ ಊರು ಬಿಡಿಸ್ತಾರೆ. ಈ ಚಳಿಗಾಲ ಒಂದು ಹಂದಿ ತಪ್ಪಿಸಿಕೊಂಡ್ರೂ ನಿನ್ನ ತಲೆಗೇ ಕಟ್ತಾರೆ."

"ಯಾರಿಗೆ ಗೊತ್ತಾಗತ್ತೆ? ಕತ್ತಲಿರೋವಾಗ್ಲೇ ಎದ್ದು ಶುರು ಮಾಡೋಣ. ತೊಗಲನ್ನ ಎಳೆದು ಹಿಡ್ಕೊಳ್ಳೋಕೆ ನಿಮ್ಮ ಕೈ ಸಾಕು. ಅಲಗು ನನಗೆ ಬಿಡಿ."

"ಬೆಟ್ಟದಮ್ಮ?"

"ನನ್ನ ಮುಖ ನೋಡಿ ಹೊಟ್ಟೆಕಿಚ್ಚು ಪಡೋ ಹೆಂಗಸು ಇನ್ನೂ ಹುಟ್ಟಿಲ್ಲ, ಬಿಡ್ರೀ."

ಅವನಿಗೆ ನಗು ಬರಲಿಲ್ಲ. ಆಮೇಲೆ ನಾಯಿಗಳನ್ನು ನೋಡಿಕೊಂಡು ಬರುತ್ತೇನೆಂದು ಎದ್ದು ಹೋದ. ನಾನು ಪಾತ್ರೆ ತೊಳೆದು, ಮರುದಿನಕ್ಕೆ ಅಕ್ಕಿ ನೆನೆಹಾಕಿದ ಮೇಲೆ ಬಂದ. ಎರಡೂ ಮಂಡಿಯ ಹತ್ತಿರ ಪ್ಯಾಂಟು ಒದ್ದೆಯಾಗಿ ಹಿಮ ಅಂಟಿಕೊಂಡಿತ್ತು.

"ಇದೇನ್ರೀ, ಎಲ್ಲಿ ಬಿದ್ರಿ?"

"ದಾರೀಲಿ ಜಾರ್ತು."

"ಕಣ್ಣು ಎಲ್ಲಿಟ್ಟಿದ್ರಿ? ಇರೋದೇ ಎರಡು ಪ್ಯಾಂಟು. ನಾಳೆಗೆ ಒಣಗತ್ತಾ ಇದು?" ಎಂದು ಚೆನ್ನಾಗಿ ಬೈದೆ. ಅವನು ಪ್ಯಾಂಟನ್ನು ಒಲೆಯ ಮೇಲಿನ ಗಳಕ್ಕೆ ಹಾಕಿ, "ಐದಕ್ಕೆ ಎಬ್ಬಿಸು" ಎಂದು ಮಲಗಿದ.

ಬೆಳಿಗ್ಗೆ ತೊರೆಯ ಪಕ್ಕದಲ್ಲಿ ಹಲಗೆ ಹಾಕಿ, ಅದರ ಮೇಲೆ ಹಂದಿಯನ್ನು ಎಳೆದು ಮಲಗಿಸಿದೆವು. ಅವನೇ ಮೊದಲು ಚಾಕು ತೆಗೆದ. ಹಿಂಗಾಲಿನ ಹತ್ತಿರ ಒಂದು ಗೆರೆ ಎಳೆಯುವಷ್ಟರಲ್ಲಿ ಬೆರಳುಗಳು ಬೆಳ್ಳಗಾದವು. ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿದ, ನೋವಿಗೆ ಹಲ್ಲು ಕಚ್ಚಿದ, ಮತ್ತೆ ಹಿಡಿದ, ಮತ್ತೆ ಬೆಳ್ಳಗಾದವು. ಮೂರನೆಯ ಸಲಕ್ಕೆ ಅವನು ಚಾಕನ್ನು ಹಿಡಿಯ ಕಡೆ ನನ್ನತ್ತ ಮಾಡಿ ಚಾಚಿದ.

ನಾನು ಎಡಗೈಗೆ ತೆಗೆದುಕೊಂಡೆ, ಹೆಬ್ಬೆರಳನ್ನು ಬಾಲದ ಮೇಲಿಟ್ಟೆ. ಅವನು ಎರಡೂ ಕೈಯಿಂದ ತೊಗಲನ್ನು ಎಳೆದು ಬಿಗಿ ಹಿಡಿದ. ಅವನೇ ದಾರಿ ಹೇಳುತ್ತ ಹೋದ.

"ಅಲಗು ತೊಗಲಿನ ಕಡೆ ಓರೆ ಇರಲಿ. ಹ್ಞಾಂ. ಒತ್ತಬೇಡ, ಸವರು. ಅಲ್ಲಿ ಭುಜದ ಹತ್ರ ತೊಗಲು ದಪ್ಪ ಇರತ್ತೆ, ಹೆದರಬೇಡ."

"ಹೆದರ್ತಿರೋರು ನೀವು."

"ಮಾತು ಕಮ್ಮಿ ಮಾಡಿ ಕೆಲಸ ನೋಡೇ."

ಅಷ್ಟು ಹೊತ್ತು ಅಷ್ಟು ಹತ್ತಿರ ನಾವಿಬ್ಬರೂ ಮದುವೆಯಾದಾಗಿನಿಂದ ಕೂತಿರಲಿಲ್ಲ. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ನನಗೆ ಚಳಿಯೇ ಆಗಲಿಲ್ಲ, ನಿಜ ಹೇಳಬೇಕೆಂದರೆ ಸುಖವಾಗಿತ್ತು. ಏಳೂವರೆಗೆ ತೊಗಲು ಇಡಿಯಾಗಿ ಕೈಗೆ ಬಂತು. ಮಾಂಸದ ಮೇಲೆ ಬೆಳ್ಳನೆಯ ನೆಣ ತಲೆಯಿಂದ ಬಾಲದವರೆಗೆ ಒಂದು ಗೀರಿಲ್ಲದೆ ಉಳಿದಿತ್ತು. ತಮೆಜೊ ಅದರ ಮೇಲೆ ಕೈಯಾಡಿಸಿದ. "ನಮ್ಮಪ್ಪನೂ ಹಿಂಗೆ ಬಿಡಿಸಿರಲಿಲ್ಲ" ಎಂದ. ನಾನು ಕೈ ತೊಳೆದು ಅಡುಗೆಮನೆಗೆ ಓಡಿದೆ.

ಎಂಟಕ್ಕೆ ಐವರೂ ಬಂದರು. ಯಜಮಾನರು ನೇರವಾಗಿ ಬೇಲಿಯ ಹತ್ತಿರ ಹೋಗಿ ತೊಗಲಿನ ಒಳಮೈಯನ್ನು ನೋಡತೊಡಗಿದರು. ಉಗುರಿನಿಂದ ಒಂದು ಗೆರೆಯನ್ನು ಸವರಿದರು, ಇನ್ನೊಂದನ್ನು ಸವರಿದರು. ಬಾಗಿಲ ಸಂದಿಯಲ್ಲಿ ನೋಡುತ್ತಿದ್ದ ನನಗೆ ಆಗ ಹೊಳೆಯಿತು. ಅಲಗಿನ ಗೆರೆಗಳೆಲ್ಲ ಎಡಕ್ಕೆ ವಾಲಿದ್ದವು. ಬಲಗೈಯವನ ಗೆರೆ ಬಲಕ್ಕೆ ವಾಲುತ್ತದೆ. ಓಕುದಾನಿಯಲ್ಲಿ ಎಡಗೈಯಲ್ಲಿ ಚಾಕು ಹಿಡಿಯುವವಳು ನಾನೊಬ್ಬಳೇ. ಕತ್ತಲಲ್ಲಿ ಎದ್ದರೆ ಸಾಕು ಎಂದುಕೊಂಡಿದ್ದೆನಲ್ಲ, ತೊಗಲೇ ಚಾಡಿ ಹೇಳುತ್ತದೆಂದು ನೆನಪೇ ಇರಲಿಲ್ಲ.

ಯಜಮಾನರು ಉಳಿದ ಗೆರೆಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ತೊಗಲನ್ನು ಎತ್ತಿ, ಕೂದಲು ಹೊರಗೆ ಬರುವ ಹಾಗೆ ಮಗುಚಿ ಹಾಕಿದರು.

"ಚೆನ್ನಾಗಿದೆ ತಮೆ. ನೆಣದ ಚೂರೂ ಅಂಟಿಲ್ಲ. ಮುಂದಿನದೂ ನಿನ್ನದೇ" ಎಂದರು.

ಮಾಂಸ ಕಡಿದು ಬಿದಿರಿನ ಹಾಳೆಗಳ ಮೇಲೆ ಪಾಲು ಹಾಕಿದರು. ನಮ್ಮಲ್ಲಿ ಗುಂಡು ಹೊಡೆದವನಿಗೂ ಗದ್ದಲ ಮಾಡಿ ಓಡಿಸಿದವನಿಗೂ ಒಂದೇ ಅಳತೆ, ನಾಯಿಗಳಿಗೆ ಸೇರಿ ಒಂದು. ಹಿಸಾ ಗಂಟಲು ದೊಡ್ಡದು ಮಾಡಿ ಕೇಳಿದ: "ಯಜಮಾನ್ರೇ, ಒಂದು ಹೆಚ್ಚಾಯ್ತು. ನಾವು ಆರು ಜನ, ನಾಯಿಗಳದ್ದು ಒಂದು. ಇಲ್ಲಿ ಎಂಟಿದೆ."

"ಸರಿಯಾಗೇ ಇದೆ. ಕೈ ಹಾಕಿದವರಿಗೆಲ್ಲ ಪಾಲು" ಎಂದರು ಯಜಮಾನರು.

ಎಂಟನೆಯದನ್ನು ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಇಟ್ಟು ಹೋದರು. ಯಜಮಾನರಿಗೆ ಗೊತ್ತಾಗಿದೆ, ನುಂಗಿಕೊಂಡಿದ್ದಾರೆ ಎಂದು ತಿಳಿದು ನಾನು ಬಾಗಿಲ ಹಿಂದೆ ಕುಸಿದು ಕೂತು ಅತ್ತೆ. ಸಂಜೆ ತಮೆಜೊ ಆ ಪಾಲನ್ನು ನೋಡಿ, "ಮುದುಕನಿಗೆ ಕಣ್ಣು ಮಂಜಾಗಿದೆ, ಎಣಿಸೋಕೂ ಬರಲ್ಲ" ಎಂದ. ಪಾಪ, ಇವನಿಗೆ ತಿಳಿದಿಲ್ಲ, ತಿಳಿಯುವುದೂ ಬೇಡ ಎಂದುಕೊಂಡು ನಾನು ಸುಮ್ಮನಾದೆ.

ಹಾಗೆ ಇಪ್ಪತ್ತಾರು ಚಳಿಗಾಲ ಕಳೆದವು. ಅವನು ತೊಗಲು ಎಳೆದು ಹಿಡಿಯುವುದು, ನಾನು ಬಿಡಿಸುವುದು, ಎಂಟಕ್ಕೆ ಅವರು ಬರುವುದು, ತೊಗಲು ಮಗುಚುವುದು, ಮೆಟ್ಟಿಲ ಮೇಲೆ ಒಂದು ಪಾಲು. ಯಜಮಾನರು ಹೋದ ಮೇಲೆ ಹಿಸಾಮಿತ್ಸು ಮುಂದಾಳಾದ. ಅವನೂ ಹೆಚ್ಚಿನ ಪಾಲನ್ನು ಬಿಡಲಿಲ್ಲ. ಯಜಮಾನರು ಹೇಳಿಹೋಗಿರಬೇಕು, ಈ ಪೆದ್ದ ಕಾರಣ ಕೇಳದೆ ನಡೆಸಿಕೊಂಡು ಬಂದಿದ್ದಾನೆ ಎಂದುಕೊಂಡೆ. ಬೆಟ್ಟದಮ್ಮ ಒಂದು ವರ್ಷವೂ ಮುನಿಯಲಿಲ್ಲ.

ತಮೆಜೊ ಒಂದು ಬೇಸಿಗೆಯಲ್ಲಿ ತೀರಿಕೊಂಡ. ಚಾಕನ್ನು ಅವನ ಫೋಟೋದ ಮುಂದೆ ಇಟ್ಟೆ. ಇನ್ನು ಹಂದಿ ನಮ್ಮ ಹಿತ್ತಲಿಗೆ ಬರುವುದಿಲ್ಲ, ಆ ಬೆಳಗುಗಳು ಮುಗಿದವು ಎಂದು ನೆನೆಸಿಕೊಂಡರೆ ಅವನ ಸಾವಿಗಿಂತ ಅದೇ ಒಮ್ಮೊಮ್ಮೆ ಹೆಚ್ಚು ನೋಯುತ್ತಿತ್ತು. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಹಿಂದುಗಡೆ ಲಾರಿಯ ಸದ್ದಾಯಿತು. ಹೋಗಿ ನೋಡುತ್ತೇನೆ, ಹಿಸಾಮಿತ್ಸು ಮತ್ತು ಇನ್ನಿಬ್ಬರು ಹಂದಿಯನ್ನು ತೊರೆಗೆ ಇಳಿಸುತ್ತಿದ್ದಾರೆ.

ನನಗೆ ರೇಗಿಹೋಯಿತು. "ಏನೋ ಹಿಸಾ, ಮನೆಯವರು ಹೋಗಿ ಆರು ತಿಂಗಳಾಗಿಲ್ಲ. ಇಲ್ಲಿಗ್ಯಾಕೆ ತಂದೆ? ಯಾರು ಬಿಡಿಸ್ತಾರೆ ಇದನ್ನ?"

ಹಿಸಾ ಕೈ ಒರೆಸಿಕೊಂಡ. "ಇಷ್ಟು ವರ್ಷ ಯಾರು ಬಿಡಿಸ್ತಿದ್ರೋ ಅವರೇ, ಅತ್ತಿಗೆ."

"ಯಾವಾಗಿಂದ ಗೊತ್ತು ನಿನಗೆ?" ಎಂದೆ.

"ಮೊದಲನೇದಕ್ಕೂ ಮುಂಚೆಯಿಂದ. ಆ ಹಿಂದಿನ ಸಂಜೆ ತಮೆ ಅಣ್ಣ ಯಜಮಾನ್ರ ಮನೆಗೆ ಬಂದಿದ್ದ. ನಾವೆಲ್ಲ ಅಲ್ಲೇ ಕುಡೀತಾ ಕೂತಿದ್ವಿ. ಒಳಗೆ ಬರಲಿಲ್ಲ. ಅಂಗಳದಲ್ಲಿ ಹಿಮದಲ್ಲೇ ಮಂಡಿಯೂರಿ, ನೆಲಕ್ಕೆ ಕೈಯೂರಿ ತಲೆ ಬಗ್ಗಿಸಿದ. 'ನನ್ನ ಕೈ ಮುಗೀತು. ಚಾಕು ಹಿಸಾಗೆ ಕೊಡಿ ಅಂದ್ರೆ ಕೊಡ್ತೀನಿ. ಆದ್ರೆ ನನ್ನ ಹೆಂಡತಿ ನಾಳೆ ತಾನು ಬಿಡಿಸ್ತೀನಿ ಅಂತಿದ್ದಾಳೆ. ಅವಳ ಕೈ ನಮ್ಮೆಲ್ಲರಿಗಿಂತ ಒಳ್ಳೇದು. ಅವಳ ಮೇಲೆ ಯಾರೂ ಒಂದು ಮಾತು ಆಡಬೇಡಿ' ಅಂದ. ನಾವು ಏಳಿಸಿದ್ರೂ ಏಳಲಿಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ಬೇಡ ಅಂದಿದ್ದ. ಮೊಳೆ ಬಿಗಿ ಮಾಡಿದ್ದಕ್ಕೇ ವಾರಗಟ್ಲೆ ಊಟ ಬಿಟ್ಟಿದ್ದಾಳೆ, ನಾನು ಬಗ್ಗಿದ್ದು ಗೊತ್ತಾದ್ರೆ ಇನ್ನು ಚಾಕೇ ಮುಟ್ಟೋಲ್ಲ ಅಂದ. ಯಜಮಾನ್ರು ಬೆಟ್ಟದಮ್ಮನಿಗೆ ಮೀನು ತೋರಿಸಿ ಕೇಳ್ಕೊಂಡ್ರು. ಪಾಲು ಒಂದು ಹೆಚ್ಚಾಯ್ತು ಅಂತ ನಾನು ಕೂಗಿದ್ನಲ್ಲ, ಅದೂ ಅವರೇ ಹೇಳಿಕೊಟ್ಟಿದ್ದು. ಅಡುಗೆಮನೆಗೆ ಕೇಳಿಸೋ ಹಾಗೆ ಕೂಗಬೇಕು ಅಂತ ದಾರೀಲಿ ಎರಡು ಸಲ ಕೂಗಿಸಿದ್ರು."

ಇಡೀ ತಂಡ ಸೇರಿ ಇಪ್ಪತ್ತಾರು ವರ್ಷ ನನ್ನೆದುರು ನಾಟಕ ಆಡಿತ್ತು. ನಾನು ಅವನ ಮಾನ ಕಾಯುತ್ತಿದ್ದೇನೆಂದು ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಅವನು ಅದನ್ನು ಮೊದಲ ದಿನವೇ ನನಗಾಗಿ ಹಿಮದ ಮೇಲೆ ಇಟ್ಟುಬಂದಿದ್ದ.

ಒಳಗೆ ಹೋಗಿ ಫೋಟೋದ ಮುಂದೆ ಕೂತೆ. "ಜಾರಿ ಬಿದ್ದೆ ಅಂದ್ರಲ್ರೀ" ಎಂದೆ. "ಆ ಒದ್ದೆ ಪ್ಯಾಂಟಿಗೆ ನಾನು ಎಷ್ಟು ಬೈದೆ. ಒಂದು ಮಾತು ಆಡಬಾರದಿತ್ತಾ?" ಬೈಯುತ್ತ ಬೈಯುತ್ತ ಅಳು ಬಂತು. ಮನಸ್ಸು ಹಗುರಾಗುವವರೆಗೆ ಅತ್ತೆ. ಹಿಸಾಮಿತ್ಸು ಹಿತ್ತಲಿನಲ್ಲೇ ಕಾಯುತ್ತಿದ್ದ.

"ನಾಳೆ ತೊಗಲು ಎಳೆದು ಹಿಡ್ಕೊಳ್ಳೋಕೆ ಯಾರು ಬರ್ತೀರಿ?" ಎಂದು ಅಲ್ಲಿಂದಲೇ ಕೇಳಿದೆ.

"ನಾನೇ ಬರ್ತೀನಿ ಅತ್ತಿಗೆ. ಐದಕ್ಕಾ?"

"ಐದಕ್ಕೆ. ಬಾಯಿ ಮುಚ್ಕೊಂಡು ಕೆಲಸ ಮಾಡೋದಾದ್ರೆ ಬಾ."

ಚಾಕನ್ನು ಕೈಗೆತ್ತಿಕೊಂಡೆ. ಬೇಸಿಗೆಯಿಂದ ತೆರೆದಿರಲಿಲ್ಲ, ಅವನ ಕೈಗೆಂದು ಸಡಿಲ ಮಾಡಿದ್ದ ಕೀಲು ಹಾಗೇ ಇತ್ತು. ಸಾಣೆಕಲ್ಲಿನ ಪಕ್ಕದಿಂದ ಸುತ್ತಿಗೆ ತಂದು ಮೊಳೆಯ ತಲೆಗೆ ಒಂದೇ ಒಂದು ಏಟು ಕೊಟ್ಟೆ.